ಸೌಡಿಯ ಮಗ

ಹದಿನಾಲ್ಕು ವರ್ಷ. ನಾಲ್ಕು ಗೋಲು.
ಇಷ್ಟೇನಾ ಅಣ್ಣ, ಎಂದ ವೇಬ್ರಿಜ್ಜಿನ ಹೊಸ ಹುಡುಗ
ಫೋನಿನಲ್ಲಿ ನಿನ್ನ ಲೆಕ್ಕ ತೆಗೆದು.
ಹೊರಗೆ ಕಬ್ಬಿನ ಗಾಡಿಗಳು ಫ್ಯಾಕ್ಟರಿ ಗೇಟಿನಿಂದ
ಮಂಡ್ಯದ ಅರ್ಧ ರಸ್ತೆಯವರೆಗೆ ನಿಂತಿದ್ದವು.
ನಾನು ತೂಕ ಬರೆಯುವವನು, ಹೊಂಬೇಶ.
ಕಬ್ಬಿನ ಸಮೇತ ಒಂದು ಸಲ, ಬರೀ ಗಾಡಿ ಒಂದು ಸಲ,
ಕಳೆದರೆ ಉಳಿದದ್ದು ಕಬ್ಬು.
ನಿನ್ನನ್ನು ಯಾವುದರಿಂದ ಕಳೆಯಬೇಕು
ಆ ಹುಡುಗನಿಗೆ ಹೇಳಲು ಬರಲಿಲ್ಲ.

ನಿಮ್ಮಪ್ಪ ಸೌಡಿ ಕಾಳಯ್ಯ.
ನಾಲೆ ಏರಿಯ ಮೇಲೆ ಸೈಕಲ್ಲು, ಕ್ಯಾರಿಯರಿನಲ್ಲಿ ತೂಬು ತಿರುವುವ ಹಿಡಿ.
ಒಂದು ಗುಂಟೆ ಗದ್ದೆಯಿಲ್ಲ,
ಊರಿನ ನೀರೆಲ್ಲ ಕೈಯಲ್ಲಿ.
ಕಟ್ಟುನೀರು ಬಿಟ್ಟ ರಾತ್ರಿ
ಯಾಕ್ಲಾ ಮುಚ್ಚಿದೆ, ಎಂದು ಮೇಲಿನವರು.
ಯಾಕ್ಲಾ ಇನ್ನೂ ತೆಗೆದಿಲ್ಲ, ಎಂದು ಕೆಳಗಿನವರು.
ಎರಡು ಬಯ್ಗುಳದ ನಡುವೆ ನಿಂತು ಬೀಡಿ ಹಚ್ಚುತ್ತಿದ್ದ.
ಕೊಯ್ಲಿನಲ್ಲಿ ಯಾರೂ ಅವನ ಹೆಸರೆತ್ತಲಿಲ್ಲ,
ಒಂದು ಹೊರೆ ಹುಲ್ಲು ಕೊಟ್ಟರೆ ಹೆಚ್ಚು.

ಇದನ್ನೆಲ್ಲ ತಿಳಿದೇನೂ
ಅಂತೋಣಪ್ಪ ಮೇಷ್ಟ್ರು ನಿನ್ನನ್ನು ನಡುವೆ ನಿಲ್ಲಿಸಲಿಲ್ಲ.
ಗೋಲು ಕಾಯಲು ಕುಳ್ಳ, ಅಂಚಿನಲ್ಲಿ ಓಡಲು ನಿಧಾನ,
ಉಳಿದದ್ದು ಅದೊಂದೇ ಜಾಗ.
ಒಂಬತ್ತನೇ ನಂಬರು ನನಗೆ:
ನಾನು ಎತ್ತರವಿದ್ದೆ, ಮತ್ತು
ಇಡೀ ಟೀಮಿಗೆ ಜರ್ಸಿ ಹೊಲಿಸಿದ್ದು ನಮ್ಮ ಮಾವ.

ಚೆಂಡು ಬರುವ ಮೊದಲೇ ನೀನು
ಈ ಭುಜದ ಮೇಲೊಮ್ಮೆ, ಆ ಭುಜದ ಮೇಲೊಮ್ಮೆ
ಹಿಂದಕ್ಕೆ ನೋಡುತ್ತಿದ್ದೆ. ಗೂಬೆ ಎಂದು ಕರೆದೆವು.
ಒಂದು ಸಂಜೆ ಸೈಕಲ್ಲಿನಿಂದ ಇಳಿಯದೆ, ಕಾಲೂರಿ,
ಬೇಲಿಯಾಚೆಯಿಂದ ನಿಮ್ಮಪ್ಪ ನೋಡಿ ಅಂದದ್ದು ಇಷ್ಟು:
"ಆ ಮೂಲೆಗೆ ನೀರೇ ಹೋಗ್ತಾ ಇಲ್ವಲ್ಲೊ."
ಮಾರನೆಯ ದಿನದಿಂದ ಬಲಮೂಲೆಯ ಶಫಿಉಲ್ಲಾನಿಗೂ
ಚೆಂಡು ಬರತೊಡಗಿತು.
ಅಲ್ಲಿಯತನಕ ಅವನು ಅಲ್ಲಿದ್ದದ್ದೇ ನಮಗೆ ಗೊತ್ತಿರಲಿಲ್ಲ.

ಮೈಸೂರಿನ ಫೈನಲ್ಲು. ಕೊನೆಯ ನಿಮಿಷಗಳು.
ಮೂವರ ಕಾಲ ಸಂದಿಯಿಂದ ನೀನು ಬಿಟ್ಟ ಚೆಂಡು
ಮಡಿಗೆ ನೀರು ಬಂದು ನಿಂತ ಹಾಗೆ
ನನ್ನ ಪಾದದ ಮುಂದೆ ತಣ್ಣಗೆ ನಿಂತಿತು.
ಕೀಪರು ನೆಲದಲ್ಲಿ. ಎದುರಿಗೆ ಬರೀ ಬಲೆ.
ನಾನದನ್ನು ಹುಣಸೆಮರಕ್ಕೆ ಹೊಡೆದೆ.
ನೀನು ಬಯ್ಯಲಿಲ್ಲ. ಓಡಿಬಂದು,
"ನಿಲ್ಲು, ಇನ್ನೊಂದು ಕೊಡ್ತೀನಿ" ಎಂದೆ.
ಕೊಡುವುದರೊಳಗೆ ಸೀಟಿ.

ಗ್ಯಾಲರಿಯಲ್ಲಿ ಕೂತ ರೈಲ್ವೆಯ ಸಾಹೇಬರೊಬ್ಬರು
ಮರವನ್ನು ನೋಡಲಿಲ್ಲವಂತೆ, ಪಾಸನ್ನು ನೋಡಿದರಂತೆ.

ಆಮೇಲೆ ನೀನು ಕ್ರೀಡಾಪುಟದ ಸಣ್ಣಕ್ಷರ.
ಕೊಲ್ಕತ್ತದಲ್ಲಿ ಮೂರು ವರ್ಷ, ಗೋವಾದಲ್ಲಿ ಆರು,
ನಡುವೆ, ಏಳು ತಿಂಗಳ ಸಂಬಳ ನುಂಗಿ ಮುಚ್ಚಿದ ಒಂದು ಕ್ಲಬ್ಬು.
ಫೋಟೋದಲ್ಲಿ ಯಾವಾಗಲೂ
ಗೋಲು ಹೊಡೆದವನ ಬೆನ್ನ ಹಿಂದೆ ಅರ್ಧ ಮುಖ, ಒಂದು ಕಿವಿ.
ಆ ಕಿವಿಯನ್ನು ಗುರುತು ಹಿಡಿದು ನಿಮ್ಮವ್ವ
ಬೋಂಡದಂಗಡಿಯಲ್ಲಿ ಹಾಳೆ ಬೇಡಿ ತರುತ್ತಿದ್ದಳು,
ಎಣ್ಣೆ ಹತ್ತುವ ಮೊದಲು.

ಎಡಮಂಡಿ ಹೋಯಿತು.
ಆ ಸಲ ನಿನ್ನ ತಂಡ ಹನ್ನೊಂದು ಆಟದಲ್ಲಿ ಒಂಬತ್ತು ಸೋತಿತು.
ಬರೆಯುವವರು ಕೀಪರನ್ನು ಬಯ್ದರು, ಕೋಚನ್ನು ಬಯ್ದರು.
ನಾನಿಲ್ಲಿ ರಾತ್ರಿ ಪಾಳಿಯಲ್ಲಿ, ಗಾಡಿ ಬಾರದ ಹೊತ್ತು,
ರಸೀದಿಯ ಹಿಂಬದಿಯಲ್ಲಿ ಕಳೆದು ನೋಡಿದೆ:
ನೀನಿದ್ದ ತೂಕ. ನೀನಿಲ್ಲದ ತೂಕ.
ಹುಡುಗನಿಗೆ ಆ ರಸೀದಿ ತೋರಿಸಬೇಕಿತ್ತು,
ಎಲ್ಲೋ ಹೋಗಿದೆ.

ಈಗ ಭಾನುವಾರ ನೀನು ಮೈಸೂರಿನಿಂದ ಬರುತ್ತೀ,
ಮಂಡಿಗೆ ಪಟ್ಟಿ ಬಿಗಿದು.
ಹಳಬರೂ ಮಕ್ಕಳೂ ಕಲಸಿದ ಆಟ.
ಮೊನ್ನೆ ಚೆಂಡು ನಿನ್ನ ಕಾಲಿಗೆ ಬಂತು,
ಗೋಲಿನೆದುರು ನಾನೊಬ್ಬನೇ, ಹೊಟ್ಟೆ ಹೊತ್ತು, ಕೈಯೆತ್ತಿ.
ನೀನು ಈ ಭುಜ ನೋಡಿದೆ, ಆ ಭುಜ ನೋಡಿದೆ,
ಬಲಮೂಲೆಯಲ್ಲಿ ಜಡೆ ಕಚ್ಚುತ್ತ ನಿಂತಿದ್ದ
ಶಫಿಯ ಮಗಳಿಗೆ ಕೊಟ್ಟೆ.

ಸರಿ, ಹೊಂಬೇಶ.
ನಿಲ್ಲು ಅಂದಿದ್ದೆ.
ನಿಂತಿದ್ದೇನೆ.